ಗದ್ದೆ ಮುಗಿದ ಮೇಲೆ

(ಅಂಕೋಲೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಕೇಳಿಸಿದ ತುಣುಕುಗಳನ್ನು ಕಾಗದದ ಮೇಲೆ ತರುವಂತಿಲ್ಲ. ಆ ಜಾಗಗಳಲ್ಲಿ ಒಂದೆರಡು ವಾಕ್ಯ ಹೆಚ್ಚಿಗೆ ಸೇರಿಸಿದ್ದೇನೆ.)

ಆಮಂತ್ರಣ ಪತ್ರಿಕೆಯಲ್ಲಿ ‘ಇಂಡಿ ಫೋಕ್ ತಂಡವೊಂದರ ಚೊಚ್ಚಲ ಸ್ಟುಡಿಯೋ ಆಲ್ಬಂ’ ಎಂದು ಅಚ್ಚು ಹಾಕಿಸಿದ್ದಾರೆ. ಒಳಗೆ ಬರುವಾಗಲೇ ಹಿರಿಯರೊಬ್ಬರು ತಡೆದು, ‘ಇಂಡಿ ಅಂದರೆ ವಿಜಯಪುರ ಜಿಲ್ಲೆಯ ಇಂಡಿಯೋ?’ ಎಂದು ಕೇಳಿದರು. ಅಲ್ಲ. ಆ ಊರಿನ ನಿಂಬೆಹಣ್ಣು ಪ್ರಸಿದ್ಧ, ನಮ್ಮ ಹುಡುಗರು ಇನ್ನೂ ಆಗಿಲ್ಲ. ಇಲ್ಲಿ ಇಂಡಿ ಎಂದರೆ ಇಂಡಿಪೆಂಡೆಂಟ್ ಎಂಬುದರ ಮೊಟಕು. ದೊಡ್ಡ ಕಂಪನಿಯ ಹಂಗಿಲ್ಲದೆ ಸ್ವಂತ ಖರ್ಚಿನಲ್ಲಿ ಹಾಡು ಹೊರತರುವವರು ಎಂದರ್ಥ. ಸ್ವಂತ ಖರ್ಚು ಎಂದರೆ ಈ ತಂಡದ ಮಟ್ಟಿಗೆ ಗಿಟಾರಿನವನ ಅಪ್ಪ ಮಾರಿದ ಎರಡು ಕ್ವಿಂಟಲ್ ಚಾಲಿ ಅಡಿಕೆ, ಒಂದು ಹಳೆಯ ಬೈಕು, ಮತ್ತು ಹಾಡುವ ಹುಡುಗಿ ಅತಿಥಿ ಉಪನ್ಯಾಸಕಿಯಾಗಿ ದುಡಿದ ಒಂದು ವರ್ಷದ ಗೌರವಧನ. ಅದೂ ತಡವಾಗಿ ಬಂದದ್ದು.

ಚೊಚ್ಚಲ ಎಂಬ ಮಾತನ್ನು ಪತ್ರಿಕೆಯವರು ಈಗ ಸಿನಿಮಾಕ್ಕೂ ಕ್ರಿಕೆಟ್ ಶತಕಕ್ಕೂ ಬಳಸುತ್ತಾರೆ. ನಮ್ಮ ಮನೆಗಳಲ್ಲಿ ಅದು ಹೆರಿಗೆಯ ಮಾತು. ಚೊಚ್ಚಲು ತವರಿನಲ್ಲಿ ಆಗಬೇಕು ಎನ್ನುತ್ತಾರೆ. ಈ ಐದು ಜನ ಬೆಂಗಳೂರಿನ ಒಳ್ಳೆಯ ಸ್ಟುಡಿಯೋಗಳನ್ನು ಬಿಟ್ಟು ಶಿರಸಿಯ ಹತ್ತಿರ ನನ್ನ ಮನೆಯ ಮೆತ್ತಿನ ಮೇಲಿನ ಕೋಣೆಗೆ ಬಂದದ್ದಕ್ಕೆ ಕೊಟ್ಟ ಕಾರಣ ಅದೇ. ಬಾಡಿಗೆ ಕಡಿಮೆ ಎಂಬುದು ಇನ್ನೊಂದು ಕಾರಣ; ಅದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹದಿನಾಲ್ಕು ವರ್ಷ ನಗರದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ಗೋಡೆಗೆ ಹತ್ತಿಯ ಹಾಸಿಗೆ ಮತ್ತು ಗೋಣಿತಾಟು, ಹಂಚಿನ ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ, ಒಂದು ಏಸಿ, ನಾಲ್ಕು ಮೈಕು. ಸ್ಟುಡಿಯೋ ಎಂದರೆ ಇಷ್ಟೇ.

ಐವರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಜುಲೈನಲ್ಲಿ. ಈ ಜಿಲ್ಲೆಯಲ್ಲಿ ಹುಟ್ಟಿದ ಯಾರೂ ಜುಲೈನಲ್ಲಿ ಧ್ವನಿಮುದ್ರಣ ಇಟ್ಟುಕೊಳ್ಳುವುದಿಲ್ಲ. ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಸುರಿಯುವುದು ಈ ನಾಲ್ಕು ತಿಂಗಳಿನಲ್ಲೇ. ಗಿಟಾರಿನವನು ಮಾತ್ರ ಒಂದು ಉದಾಹರಣೆ ಹಿಡಿದುಕೊಂಡು ಬಂದಿದ್ದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಸ್ಟಿನ್ ವರ್ನನ್ ಎಂಬಾತ 2006–07ರ ಚಳಿಗಾಲದಲ್ಲಿ ಅಪ್ಪನ ಬೇಟೆಮನೆಯಲ್ಲಿ ಒಬ್ಬನೇ ಕುಳಿತು ಹಾಡು ತುಂಬಿಕೊಂಡ, 2007ರಲ್ಲಿ ಬೋನ್ ಈವೇರ್ ಎಂಬ ಹೆಸರಿನಲ್ಲಿ ತಾನೇ ಹೊರತಂದ, ಮರುವರ್ಷ ಕಂಪನಿಯೊಂದು ಅದನ್ನು ಎತ್ತಿಕೊಂಡು ಜಗತ್ತಿಗೆ ಕೇಳಿಸಿತು. ಈ ಕಥೆ ನಮ್ಮ ಹುಡುಗರಿಗೆ ಪುರಾಣವಿದ್ದ ಹಾಗೆ. ‘ನಮಗೂ ಕಾಡಿದೆ, ಕಾಡಿನಲ್ಲಿ ಮನೆ ಇದೆ’ ಎಂದ. ತಮ್ಮಾ, ಅಲ್ಲಿ ಬಿದ್ದದ್ದು ಹಿಮ ಎಂದೆ. ಹೊಸದಾಗಿ ಬಿದ್ದ ಹಿಮ ಸದ್ದನ್ನು ನುಂಗುತ್ತದೆ, ಹಿಂಜಿದ ಹತ್ತಿಯ ಹಾಗೆ. ನಮ್ಮಲ್ಲಿ ಬೀಳುವುದು ಮಳೆ; ಅದು ಹಂಚಿನ ಮೇಲೆ ಒಂದು ದನಿ, ತಗಡಿನ ಮೇಲೆ ಇನ್ನೊಂದು, ಕೆಸುವಿನ ಎಲೆಯ ಮೇಲೆ ಮತ್ತೊಂದು ಮಾಡುತ್ತದೆ. ಮೇಲಾಗಿ ಆತ ಒಬ್ಬನೇ ಇದ್ದ, ತನ್ನದೇ ದನಿಯನ್ನು ಪದರ ಪದರವಾಗಿ ಜೋಡಿಸಿಕೊಂಡ. ನೀವು ಹಾಡಲು ಹೊರಟದ್ದನ್ನು ಒಬ್ಬರೇ ಹಾಡಲು ಬರುವುದಿಲ್ಲ. ಈ ಕೊನೆಯ ಮಾತು ಎಷ್ಟು ನಿಜ ಎಂಬುದು ಆಗ ನನಗೂ ತಿಳಿದಿರಲಿಲ್ಲ.

ಮಳೆಗಾಲವೇ ವಾಸಿ ಎನ್ನುವಂಥದ್ದು ಒಂದೇ ಇತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ; ಅರ್ಥಿಂಗ್ ಕೆಟ್ಟಿದ್ದರೆ ಅದೇ ಗುಂಯ್ ಎಂದು ತಂತಿಯೊಳಗೆ ಹೊಕ್ಕು ಹಾಡಿಗೆ ಬೇಡದ ಶ್ರುತಿ ಹಿಡಿಯುತ್ತದೆ. ಬೇಸಿಗೆಯಲ್ಲಿ ನಾನು ಅರ್ಥಿಂಗ್ ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತೇನೆ. ಜುಲೈನಲ್ಲಿ ಆ ಕೆಲಸ ದೇವರೇ ಮಾಡುತ್ತಾನೆ.

ಗುಮಟೆಯ ವಿಷಯವನ್ನು ಅಂಕೋಲೆಯಲ್ಲಿ ಹೇಳುವುದು ಕಾರವಾರದ ಬಂದರಿಗೆ ಹೋಗಿ ಬಂಗಡೆ ಮಾರಿದ ಹಾಗೆ. ಆದರೂ ಹಿಂದಿನ ಸಾಲಿನ ಕಾಲೇಜು ಮಕ್ಕಳಿಗಾಗಿ ಹೇಳುತ್ತೇನೆ. ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ಖಾಲಿ. ಒಂದು ಕೈ ಚರ್ಮದ ಮೇಲೆ ಬೀಳುತ್ತದೆ, ಇನ್ನೊಂದು ಕೈ ಸಣ್ಣ ಬಾಯನ್ನು ಮುಚ್ಚಿ ತೆರೆದು ಒಳಗಿನ ಗಾಳಿಯನ್ನು ಆಡಿಸುತ್ತದೆ. ಮೊದಲೆಲ್ಲ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೂ ಅನ್ವಯಿಸುತ್ತದೆ, ಆದ್ದರಿಂದ ಈಗ ಆಡಿನ ಚರ್ಮ. ಗೋವಾದವರು ಇದನ್ನೇ ಘುಮಟ್ ಎಂದು ಕರೆದು 2019ರಲ್ಲಿ ತಮ್ಮ ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿಕೊಂಡರು. ನಾವು ಸುಗ್ಗಿಯಲ್ಲಿ ಹೊರಗೆ ತೆಗೆದು, ಆಮೇಲೆ ಅಟ್ಟಕ್ಕೆ ಏರಿಸುತ್ತೇವೆ.

ಆಡಿನ ಚರ್ಮ ಆಷಾಢದಲ್ಲಿ ತೇವ ಕುಡಿದು ಹಳಸಲು ಹಪ್ಪಳದಂತಾಗಿರುತ್ತದೆ. ತಂಡದ ಗುಮಟೆಯವನು ಅದನ್ನು ನಮ್ಮ ಬಚ್ಚಲೊಲೆಯ ಮುಂದೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಸರಿಯಾಯಿತು ಎನ್ನಿಸಿದಾಗ ಮೆಟ್ಟಿಲು ಹತ್ತಿ ಓಡಿ ಬಂದ. ಕೋಣೆಯಲ್ಲಿ ಏಸಿ ಓಡುತ್ತಿತ್ತು. ಏಸಿ ತಂಪು ಮಾಡುವುದಷ್ಟೇ ಅಲ್ಲ, ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ. ಮೊದಲ ಸಲ ನುಡಿಸಿದ್ದಕ್ಕೂ ಮೂರನೆಯ ಸಲ ನುಡಿಸಿದ್ದಕ್ಕೂ ಇಪ್ಪತ್ತು ನಿಮಿಷದ ಅಂತರ. ಅಷ್ಟರಲ್ಲಿ ಚರ್ಮ ಬಿಗಿದುಕೊಂಡು ದನಿ ಒಂದು ಸ್ವರದಷ್ಟು ಮೇಲೇರಿತ್ತು. ಸ್ಟುಡಿಯೋ ಕೆಲಸ ಎಂದರೆ ಒಂದನೆಯ ಸಲದ ಒಳ್ಳೆಯ ಭಾಗವನ್ನು ಮೂರನೆಯ ಸಲದ ಒಳ್ಳೆಯ ಭಾಗಕ್ಕೆ ಹೊಲಿಯುವುದು. ಇಲ್ಲಿ ಹೊಲಿದರೆ ತೇಪೆ ಎದ್ದು ಕಾಣುತ್ತಿತ್ತು. ಏಸಿ ಆರಿಸಿದೆವು. ಕಿಟಕಿ ತೆರೆಯುವಂತಿಲ್ಲ, ಹೊರಗೆ ಮಳೆ. ಒಳಗೆ ಐದು ಜನರ ಬೆವರಿಗೆ ಚರ್ಮ ಮತ್ತೆ ಸಡಿಲ. ಹತ್ತು ನಿಮಿಷ ನುಡಿಸುವುದು, ಬಚ್ಚಲಿಗೆ ಓಡುವುದು, ಮತ್ತೆ ಹತ್ತು ನಿಮಿಷ. ನನ್ನ ಆಯಿ ಒಲೆಗೆ ಅಡಿಕೆ ಸಿಪ್ಪೆ ಹಾಕುತ್ತಾ, ‘ಸ್ನಾನಕ್ಕೆ ನೀರು ಕಾಯಿಸುವುದೋ, ಇವರ ಮಡಕೆ ಕಾಯಿಸುವುದೋ’ ಎಂದು ಎರಡು ದಿನ ಗೊಣಗಿದಳು.

ಮೈಕಿನದು ಇನ್ನೊಂದು ಫಜೀತಿ. ಚರ್ಮದ ಮುಂದೆ ಒಂದು, ಹಿಂದಿನ ಬಾಯಿಗೆ ಒಂದು ಇಟ್ಟೆ. ಒಂದೊಂದನ್ನೇ ಕೇಳಿದರೆ ಚೆನ್ನ. ಎರಡನ್ನೂ ಕೂಡಿಸಿದರೆ ಗುಮಟೆ ಸೊರಗಿ ಡಬ್ಬಿ ತಟ್ಟಿದ ಹಾಗೆ ಕೇಳಿಸಿತು. ಕಾರಣ ಸರಳ. ಕೈ ಬಿದ್ದಾಗ ಚರ್ಮ ಒಳಕ್ಕೆ ಹೋಗುತ್ತದೆ, ಮುಂದಿನ ಮೈಕಿನಿಂದ ದೂರ. ಅದೇ ಕ್ಷಣ ಹಿಂದಿನ ಬಾಯಿಂದ ಗಾಳಿ ಹೊರಕ್ಕೆ ನುಗ್ಗುತ್ತದೆ, ಹಿಂದಿನ ಮೈಕಿನ ಕಡೆಗೆ. ಒಂದು ಮೈಕು ಇಳಿತ ಬರೆದುಕೊಂಡರೆ ಇನ್ನೊಂದು ಏರು ಬರೆದುಕೊಳ್ಳುತ್ತದೆ, ಕೂಡಿಸಿದಾಗ ಒಂದನ್ನೊಂದು ಕಳೆದುಬಿಡುತ್ತವೆ. ಹಿಂದಿನದರ ಧ್ರುವ ತಿರುಗಿಸುವ ಒಂದು ಗುಂಡಿ ಒತ್ತಿದೆ. ಮಡಕೆಗೆ ಹೊಟ್ಟೆ ಬಂತು. (ಇಲ್ಲಿ ಎರಡನ್ನೂ ಕೇಳಿಸಿದೆ. ಸಭೆಯಲ್ಲಿದ್ದ ಗುಮಟೆಯವರೊಬ್ಬರು, ಎರಡನೆಯದು ನಮ್ಮ ಮನೆಯದ್ದರ ಹಾಗೆ ಇದೆ ಎಂದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಒಳ್ಳೆಯ ಸರ್ಟಿಫಿಕೇಟು ಅದು.)

ಇನ್ನು ನಾಟಿ ಹಾಡಿಗೆ ಬರುತ್ತೇನೆ. ನಿಜವಾಗಿ ಹೇಳಬೇಕೆಂದು ಬಂದದ್ದು ಅದನ್ನೇ.

ಒಂಬತ್ತು ಹಾಡುಗಳಲ್ಲಿ ಎಂಟು ಆ ಹುಡುಗ ಹುಡುಗಿಯರೇ ಕಟ್ಟಿದವು. ಚೆನ್ನಾಗಿವೆ, ಅವುಗಳ ಬಗ್ಗೆ ಬೇರೆಯವರು ಬರೆಯುತ್ತಾರೆ. ಒಂಬತ್ತನೆಯದು ಈ ತಾಲ್ಲೂಕಿನ ಹಾಲಕ್ಕಿ ಒಕ್ಕಲಿಗರ ಒಂದು ಕೊಪ್ಪದ, ಅಂದರೆ ಕೇರಿಯ, ಅಜ್ಜಿಯದು. ಅವರ ಹೆಸರು ಆಲ್ಬಮಿನ ಮೇಲಿದೆ. ಸಭೆಯಲ್ಲಿ ಹೇಳಬೇಡ, ಹಾಡಿ ದುಡ್ಡು ಮಾಡಿದ್ದಾಳೆ ಎಂದು ಕೈಗಡ ಕೇಳುವವರು ಬರುತ್ತಾರೆ ಎಂದಿದ್ದಾರೆ. ತಮ್ಮ ಗದ್ದೆಯ ನಾಟಿ ಮುಗಿಸಿ, ಕುಮಟೆಯ ಮೇಲೆ ದೇವಿಮನೆ ಘಟ್ಟ ಹತ್ತಿ ಬಸ್ಸಿನಲ್ಲಿ ಬಂದರು. ಹೆಡ್‌ಫೋನು ಹಾಕಿದೆವು. ಅದರಲ್ಲಿ ಕ್ಲಿಕ್ ಟ್ರ್ಯಾಕ್, ಅಂದರೆ ಲಯ ತಪ್ಪದಿರಲೆಂದು ಕಟ್ ಕಟ್ ಎನ್ನುವ ಯಂತ್ರದ ತಾಳ. ಅಜ್ಜಿ ಒಂದು ಸೊಲ್ಲು ಹಾಡಿ ನಿಲ್ಲಿಸಿದರು. ಮತ್ತೆ ಹಾಡಿ ಮತ್ತೆ ನಿಲ್ಲಿಸಿದರು. ಕ್ಲಿಕ್ ಕಾಟ ಕೊಡುತ್ತಿದೆ ಎಂದುಕೊಂಡು ತೆಗೆದೆ. ಆಗಲೂ ಅಷ್ಟೇ. ಕಡೆಗೆ ಗಾಜಿನ ಆಚೆಯಿಂದ ಕೇಳಿದೆ, ಏನಾಯಿತು ಅಜ್ಜಿ ಎಂದು.

‘ನಾನು ಬಿಟ್ಟದ್ದನ್ನು ಎತ್ತಿಕೊಳ್ಳುವವರು ಯಾರು ತಮ್ಮಾ?’

ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆ ತುಂಬಿಕೊಂಡು ಆಮೇಲೆ ಕೂಡಿಸುವುದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಹಿಂದಿನ ಸೊಲ್ಲಿನವರು ಹಿಂದಿನಿಂದ ಬಂದರಾಯಿತು ಎಂದುಕೊಂಡಿದ್ದೆವು. ಅವರಿಗೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒನಕೆ ದಾಟಿಸುವಂಥ ಕೆಲಸ. ಇನ್ನೊಬ್ಬರು ಎತ್ತಿಕೊಂಡಾಗಲೇ ಇವರಿಗೆ ಉಸಿರು, ಆ ಉಸಿರಿನಲ್ಲೇ ಮುಂದಿನ ಸೊಲ್ಲಿನ ನೆನಪು. ಮರುದಿನ ಅದೇ ಕೊಪ್ಪದ ಇನ್ನಿಬ್ಬರು ಹೆಂಗಸರು ಬಂದರು, ನಾಟಿ ನಡುವೆಯೇ ಬಿಟ್ಟು. ಒಬ್ಬರಿಗೆ ಕೆಮ್ಮು. ಮೂವರನ್ನೂ ಚಾಪೆಯ ಮೇಲೆ ಕೂರಿಸಿ, ನಡುವೆ ಒಂದೇ ಮೈಕು ಇಟ್ಟು, ಕೆಂಪು ದೀಪ ಹಾಕಿದೆ.

ಹಾಡಿನಲ್ಲಿ ಒಬ್ಬ ತಂಗಿ ತವರಿಗೆ ಹೊರಟಿದ್ದಾಳೆ. ದಾರಿಯಲ್ಲಿ ಗದ್ದೆ ಬರುತ್ತದೆ, ಹಳ್ಳ ಬರುತ್ತದೆ, ಮರ ಬರುತ್ತದೆ, ಪ್ರತಿಯೊಂದರ ಹತ್ತಿರವೂ ಅವಳು ನಿಂತು ಮಾತನಾಡುತ್ತಾಳೆ. ನಾಲ್ಕು ನಿಮಿಷವಾಯಿತು, ಎಂಟಾಯಿತು. ಹೊರಗೆ ಮಳೆ ಶುರುವಾಯಿತು, ನಿಲ್ಲಿಸಲು ಮನಸ್ಸಾಗಲಿಲ್ಲ. ಲಯ ಸಣ್ಣಗೆ ಏರುತ್ತಾ ಹೋಯಿತು. ಆಮೇಲೆ ಅಳೆದು ನೋಡಿದರೆ ನಿಮಿಷಕ್ಕೆ 84 ಪೆಟ್ಟಿನಲ್ಲಿ ಹೊರಟದ್ದು 97ಕ್ಕೆ ಬಂದು ಮುಟ್ಟಿತ್ತು, ಮೂವರಿಗೂ ಒಟ್ಟಿಗೆ, ಯಾರೂ ಯಾರನ್ನೂ ಎಳೆಯದೆ. ಹತ್ತೊಂಬತ್ತನೆಯ ನಿಮಿಷಕ್ಕೆ ತಂಗಿ ತವರಿನ ಬಾಗಿಲಿಗೆ ಬಂದಳು. ಮುಗಿಯಿತು ಎಂದು ನಾನು ಕೈ ಎತ್ತುವಷ್ಟರಲ್ಲಿ ಅಣ್ಣನ ಹೆಂಡತಿ ಹೊರಗೆ ಬಂದು ಹೊಸ ಮಾತು ತೆಗೆದಳು. ಇಪ್ಪತ್ತಮೂರನೆಯ ನಿಮಿಷಕ್ಕೆ ಕೈ ಬೀಸಿ ನಿಲ್ಲಿಸಿದೆ. ಈ ಹಾಡು ಎಲ್ಲಿಗೆ ಮುಗಿಯುತ್ತದೆ ಅಜ್ಜಿ ಎಂದೆ.

‘ಗದ್ದೆ ಮುಗಿದ ಮೇಲೆ’ ಎಂದರು.

ಆಲ್ಬಂ ಎಂಬ ಮಾತು ಎಲ್ಲಿಂದ ಬಂತು ಗೊತ್ತೇ? ಮೊದಲಿನ ಗ್ರಾಮಫೋನ್ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಸುತ್ತಿತ್ತು. ಉದ್ದದ ಸಂಗೀತ ಬೇಕಾದರೆ ಹಲವು ತಟ್ಟೆ ಬೇಕು. ಅವನ್ನು ಫೋಟೋ ಆಲ್ಬಮಿನ ಹಾಗೆ ರಟ್ಟಿನ ಪುಸ್ತಕದ ಚೀಲಗಳಲ್ಲಿ ಇಟ್ಟು ಮಾರುತ್ತಿದ್ದರು. ನಮ್ಮ ದೇಶದಲ್ಲಿ 1902ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದು ಆ ಅಳತೆಯ ತಟ್ಟೆಗೆ. ಗಂಟೆಗಟ್ಟಲೆ ಹಾಡಬಲ್ಲ ಆಕೆ ರಾಗವನ್ನು ಮೂರು ನಿಮಿಷಕ್ಕೆ ಮಡಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಹೇಳಿ ಮುಗಿಸುತ್ತಿದ್ದಳು. 1948ರಲ್ಲಿ ಎಲ್‌ಪಿ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ಆಮೇಲೆ ಕ್ಯಾಸೆಟ್, ಸಿಡಿ. ಈಗ ಮೊಬೈಲಿನಲ್ಲಿ ಅಳತೆಯೇ ಇಲ್ಲ, ಮೂರು ಗಂಟೆಯ ಹಾಡನ್ನೂ ಹಾಕಬಹುದು. ಆದರೂ ಹಾಡುಗಳು ಚಿಕ್ಕದಾಗುತ್ತಲೇ ಇವೆ. ಸ್ಪಾಟಿಫೈಯಂಥ ಕಡೆ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಇಪ್ಪತ್ತಮೂರು ನಿಮಿಷಕ್ಕೂ ಒಂದೇ ಲೆಕ್ಕ, ಎರಡು ನಿಮಿಷಕ್ಕೂ ಒಂದೇ ಲೆಕ್ಕ. ಹೀಗಿರುವಾಗ ಯಾರು ಉದ್ದ ಹಾಡುತ್ತಾರೆ?

ತಂಡದಲ್ಲಿ ಜಗಳವಾಯಿತು. ಗಿಟಾರಿನವನು ನಾಲ್ಕು ನಿಮಿಷಕ್ಕೆ ಕತ್ತರಿಸೋಣ ಎಂದ. ನಾಲ್ಕು ನಿಮಿಷಕ್ಕೆ ತಂಗಿ ಇನ್ನೂ ಹಳ್ಳ ದಾಟಿಲ್ಲ ಎಂದಳು ಹಾಡುವ ಹುಡುಗಿ. ನೀವು ಹುಡುಗಿಯ ಪಕ್ಷ ಎಂದು ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೆ ಹುಡುಗನ ಮಾತೂ ತೆಗೆದುಹಾಕುವಂಥದ್ದಲ್ಲ. ಗದ್ದೆಯಲ್ಲಿ ಆ ಹಾಡು ಉದ್ದವಾಗಿರುವುದು ಕೈಗೆ ಕೆಲಸವಿರುವುದರಿಂದ. ಸೊಂಟ ಬಗ್ಗಿಸಿ ಸಸಿ ಊರುವವರಿಗೆ ಹಾಡು ಮುಗಿಯುವುದು ಬೇಡ. ಮೊಬೈಲ್ ಹಿಡಿದು ಬಸ್ಸಿಗೆ ಕಾಯುವವನಿಗೆ ಬೇರೆ ಲೆಕ್ಕ. ಅವನು ಕೇಳುಗ, ಆ ಹಾಡಿಗೆ ಕೇಳುಗ ಎಂಬುವನು ಇರಲೇ ಇಲ್ಲ, ಎಲ್ಲರೂ ಹಾಡುವವರೇ.

ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಿಮ್ಮಲ್ಲಿ ಹಲವರು ಕಂಡು ಮಾತನಾಡಿಸಿದ್ದೀರಿ. 2017ರಲ್ಲಿ ಪದ್ಮಶ್ರೀ ಬಂದಾಗಲೂ, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗಲೂ ಅವರಿಗೆ ಎಷ್ಟು ಸಾವಿರ ಹಾಡು ಬರುತ್ತಿತ್ತು ಎಂಬ ಲೆಕ್ಕವನ್ನು ಓದಿದೆ. ಒಂದು ಹಾಡಿಗೆ ಎಷ್ಟು ಹೊತ್ತು ಎಂಬುದು ನಾನು ಓದಿದ ವರದಿಗಳಲ್ಲಿ ಇರಲಿಲ್ಲ. ಕುಮಟೆಯ ಎಲ್.ಆರ್. ಹೆಗಡೆಯವರು, ಹೊನ್ನಾವರದ ಎನ್.ಆರ್. ನಾಯಕ ದಂಪತಿ ಕೇರಿ ಕೊಪ್ಪ ತಿರುಗಿ ಈ ಜಿಲ್ಲೆಯ ಹಾಡುಗಳನ್ನು ಬರೆದುಕೊಳ್ಳದಿದ್ದರೆ ನಮ್ಮ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವರ ಋಣ ದೊಡ್ಡದು. ಆದರೆ ಪುಸ್ತಕದಲ್ಲಿ ಸೊಲ್ಲು ಒಂದೇ ಸಲ ಅಚ್ಚಾಗುತ್ತದೆ. ಗದ್ದೆಯಲ್ಲಿ ಅದು ಎಷ್ಟು ಸಲ ತಿರುಗುತ್ತಿತ್ತು ಎಂಬುದು ಕಾಗದದ ಹೊರಗೆ ಉಳಿದುಬಿಡುತ್ತದೆ.

ಕೊನೆಗೆ ಹತ್ತೊಂಬತ್ತು ನಿಮಿಷಕ್ಕೆ, ತಂಗಿ ಬಾಗಿಲಿಗೆ ಬಂದಲ್ಲಿಗೆ, ಕತ್ತರಿಸಿದೆವು. ಅತ್ತಿಗೆಯ ಮಾತು ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಮಳೆಯ ಸದ್ದನ್ನು ಹಾಗೆಯೇ ಬಿಟ್ಟೆ. ತೆಗೆಯಲು ಪ್ರಯತ್ನಿಸಲಿಲ್ಲವೆಂದಲ್ಲ, ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಮಳೆಗೂ ಸಕಾರಕ್ಕೂ ವ್ಯತ್ಯಾಸ ತಿಳಿಯದು. ಮಳೆಯ ಜೊತೆಗೆ ಅಜ್ಜಿಯ ಬಾಯಿಂದ ‘ಸ’ ‘ಶ’ಗಳನ್ನೂ ತಿಂದುಹಾಕಿ ಹಲ್ಲಿಲ್ಲದವರು ಹಾಡಿದ ಹಾಗೆ ಮಾಡಿತು. ಅಜ್ಜಿಗೆ ಎಲ್ಲ ಹಲ್ಲೂ ಇವೆ. ಕೆಮ್ಮನ್ನೂ ಬಿಟ್ಟೆ.

ಹಾಡನ್ನು ಹೊರಬಿಡುವಾಗ ಒಂದು ಅರ್ಜಿ ತುಂಬಬೇಕು. ಸಾಹಿತ್ಯ ಯಾರದು, ಸಂಗೀತ ಯಾರದು, ಗಾಯನ ಯಾರದು. ನಮ್ಮ ಭಾಷೆಯಲ್ಲಿ ಜಾನಪದವನ್ನು ಗಿಟಾರಿಗೆ ಕೂಡಿಸಿದ ದೊಡ್ಡ ಮೊದಲ ಆಲ್ಬಂಗಳಲ್ಲಿ ರಘು ದೀಕ್ಷಿತ್ ಅವರದು 2008ರದು, ಸ್ವರಾತ್ಮ ತಂಡದ್ದು 2009ರದು. ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಹಾಡಿದರು. ಶರೀಫರು 1889ರಲ್ಲಿ ತೀರಿಹೋದವರು; ಕರ್ತೃ ಸತ್ತು 60 ವರ್ಷವಾದ ಮೇಲೆ ಕೃತಿ ಎಲ್ಲರದು, ಆದರೆ ಹೆಸರು ಶರೀಫರದ್ದೇ ಇರುತ್ತದೆ, ಅಂಕಿತವೂ ಇದೆ. ಅಜ್ಜಿಯ ಹಾಡಿಗೆ ಅಂಕಿತವಿಲ್ಲ. ಅಲ್ಲಿ ‘ಸಾಂಪ್ರದಾಯಿಕ’ ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ಕಾನೂನು ಹೀಗಿದೆ ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ದುಡ್ಡು ಹಾಕಿ ಮುದ್ರಿಸಿದವನಿಗೆ, ಹೊರಬಂದ ಮೇಲೆ 60 ವರ್ಷ. ಹಾಡಿದವರಿಗೂ ಒಂದು ಹಕ್ಕಿದೆ, 50 ವರ್ಷದ್ದು. ಆ ಹಕ್ಕು 1994ರ ತಿದ್ದುಪಡಿಯ ಕೊಡುಗೆ, ಅವಧಿ 50 ವರ್ಷವಾದದ್ದು 1999ರ ತಿದ್ದುಪಡಿಯಿಂದ. 2012ರ ತಿದ್ದುಪಡಿಯ ನಂತರ ಇವರೇ ಹಾಡಿದವರು ಎಂದು ಹೆಸರು ಹಾಕಿಸಿಕೊಳ್ಳುವ ಹಕ್ಕೂ ಬಂತು. ಹಾಡನ್ನು ನೂರು ವರ್ಷ ಬಾಯಲ್ಲಿಟ್ಟು ಕಾಪಾಡಿದ ಕೊಪ್ಪಕ್ಕೆ ಅದರಲ್ಲಿ ಜಾಗವಿಲ್ಲ. ನಾವು ಸಾಹಿತ್ಯದ ಜಾಗದಲ್ಲಿ ಕೊಪ್ಪದ ಹೆಸರು ಬರೆದೆವು. ಅರ್ಜಿ ತಿರುಗಿ ಬಂತು, ಅಲ್ಲಿ ವ್ಯಕ್ತಿಯ ಹೆಸರೇ ಬೇಕಂತೆ. ಮೂವರು ಹೆಂಗಸರ ಹೆಸರು ಬರೆದೆವು. ಅದು ಒಪ್ಪಿಗೆಯಾಯಿತು. ಪೂರ್ತಿ ಸರಿ ಎನ್ನಲಾರೆ, ಅವರು ಕಟ್ಟಿದ್ದಲ್ಲವಲ್ಲ. ಸುಳ್ಳಿನಲ್ಲಿ ಕಡಿಮೆ ಸುಳ್ಳು ಅದಾಗಿತ್ತು. ಬಂದ ಹಣದಲ್ಲಿ ಆ ಹಾಡಿನ ಪಾಲು ಅವರಿಗೆ ಎಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಸಹಿ ಹೆಬ್ಬೆಟ್ಟು ಮಾಡಿಸಿದೆವು.

ಪ್ರಶ್ನೆಯ ಹೊತ್ತಿನಲ್ಲಿ ಹುಡುಗಿಯೊಬ್ಬಳು, ಆಲ್ಬಂ ಕೇಳಿ ಅಜ್ಜಿ ಏನೆಂದರು ಎಂದು ಕೇಳಿದಳು.

ಅವರ ಮನೆಯ ಅಂಗಳದಲ್ಲಿ ಮೊಬೈಲಿಗೆ ಸಣ್ಣ ಸ್ಪೀಕರ್ ಹಚ್ಚಿ ಕೇಳಿಸಿದೆವು. ಕೋಳಿಗೆ ಅಕ್ಕಿ ಚೆಲ್ಲುತ್ತಾ ಕೇಳಿದರು. ಕೆಮ್ಮು ಬಂದಾಗ, ‘ಅವಳಿಗೆ ಆವತ್ತು ಜ್ವರವೂ ಇತ್ತು’ ಎಂದರು. ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ಅವರಿಬ್ಬರಿಗೆ ಕೂಲಿ ಕೊಟ್ಟೆಯೇನು?’ ಎಂದು ಕೇಳಿದರು. ಕೊಟ್ಟಿದ್ದೇನೆ ಅಜ್ಜಿ, ಬಸ್ಸಂತೂ ಹೆಂಗಸರಿಗೆ ಪುಕ್ಕಟೆ, ನಾಟಿಯ ಒಂದು ದಿನದ ಕೂಲಿ ಲೆಕ್ಕ ಹಾಕಿಯೇ ಕೊಟ್ಟೆ ಎಂದೆ.

‘ಎರಡು ದಿನ’ ಎಂದರು. ‘ಆವತ್ತು ಸಂಜೆ ಘಟ್ಟದಲ್ಲಿ ಬಸ್ಸು ನಿಂತುಬಿಟ್ಟಿತ್ತು. ಮನೆ ಮುಟ್ಟುವಾಗ ಬೆಳಗಾಗಿತ್ತು, ಮರುದಿನ ಗದ್ದೆಗೆ ಇಳಿಯಲಿಲ್ಲ ಅವರು.’

ಕಿಸೆಯಲ್ಲಿ ಇದ್ದದ್ದು ಒಬ್ಬರಿಗೆ ಸಾಕಾಗುವಷ್ಟು. ಇನ್ನೊಬ್ಬರದ್ದನ್ನು ಗಿಟಾರಿನವನ ಹತ್ತಿರ ಕೇಳಿ ಕೊಟ್ಟೆ.